ಹಳೇ ಬೋಟಿನ ಎಸಿ ರಿಪೇರಿ: ನೀರಿನ ದಾರಿ ಸರಿಯಾಯ್ತು, ಡಕ್ಟ್ ಬಾಕಿ ಇದೆ

ಎಸಿ ಈಗ ಮಧ್ಯಾಹ್ನದ ಬಿಸಿಲಲ್ಲೂ ನಿಲ್ಲದೆ ಓಡುತ್ತಿದೆ. ಕೆಲಸ ಪೂರ್ತಿ ಮುಗಿದಿಲ್ಲ. ಆದರೆ ದೊಡ್ಡ ತೊಂದರೆ ಎಲ್ಲಿತ್ತು ಅಂತ ಸಿಕ್ಕಿದೆ. ಹಳೇ ಬೋಟ್ ಇಟ್ಟುಕೊಂಡವರಿಗೆ ಉಪಯೋಗವಾಗಲಿ ಅಂತ ಬರೆದಿಡುತ್ತಿದ್ದೇನೆ.

ನಮ್ಮದು ತೈವಾನ್‌ನಲ್ಲಿ ಕಟ್ಟಿದ 1986ರ ಟ್ರಾಲರ್, ಅಂದರೆ ಒಳಗೆ ಉಳಿದುಕೊಳ್ಳುವಂಥ ಮೋಟಾರ್ ಬೋಟ್. ಫ್ಲೋರಿಡಾದ ಟ್ಯಾಂಪಾ ಬೇಯಲ್ಲಿ ನಿಲ್ಲಿಸಿದ್ದೇವೆ. ಎಸಿಯನ್ನು ಹಿಂದಿನ ಮಾಲೀಕರು 1990ರ ದಶಕದಲ್ಲಿ ಹಾಕಿಸಿದ್ದು. ತಂಪು ಮಾಡುವ ಶಕ್ತಿ ಗಂಟೆಗೆ 16,000 ಬಿಟಿಯು, ಒಳಗಿರುವುದು ಆರ್-22 ಅನ್ನುವ ಹಳೇ ಗ್ಯಾಸ್. ಮನೆಯ ಎಸಿ ಬಿಸಿಯನ್ನು ಹೊರಗಿನ ಗಾಳಿಗೆ ಬಿಡುತ್ತದೆ, ಇದು ಸಮುದ್ರದ ನೀರಿಗೆ ಬಿಡುತ್ತದೆ. ಬೋಟಿನ ತಳದ ತೂತಿನಿಂದ ನೀರು ಬಂದು, ಜಾಲರಿ ದಾಟಿ, ಪಂಪ್ ಮೂಲಕ ಕಂಡೆನ್ಸರ್ ಕಾಯಿಲ್ (ಗ್ಯಾಸಿನ ಬಿಸಿಯನ್ನು ನೀರಿಗೆ ದಾಟಿಸುವ ಕೊಳವೆ ಸುರುಳಿ) ಸುತ್ತಿ ಪಕ್ಕದಿಂದ ಹೊರಗೆ ಬೀಳುತ್ತದೆ. ಇಲ್ಲಿ ಬೇಸಿಗೆಯಲ್ಲಿ ಆ ನೀರೇ 30 ಡಿಗ್ರಿ ಇರುತ್ತದೆ. ಹರಿವು ಸ್ವಲ್ಪ ಕಡಿಮೆಯಾದರೂ ಗ್ಯಾಸಿನ ಒತ್ತಡ ಏರಿ ಕಂಪ್ರೆಸರ್ ನಿಂತುಬಿಡುತ್ತದೆ.

ನಮ್ಮ ಎಸಿಯ ಕಾಯಿಲೆಯೂ ಅದೇ. ಬೆಳಿಗ್ಗೆ ಚೆನ್ನಾಗಿ ಓಡುವುದು, ಬಿಸಿಲೇರಿದ ಮೇಲೆ ಹೈ ಪ್ರೆಶರ್ ಫಾಲ್ಟ್ ತೋರಿಸಿ ನಿಲ್ಲುವುದು. ನೋಡಲು ಬಂದ ಮೆಕ್ಯಾನಿಕ್ ಗ್ಯಾಸ್ ತುಂಬಿಸಿ ಅಂದರು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಗ್ಯಾಸ್ ಕಡಿಮೆಯಾಗಿದ್ದರೆ ಒತ್ತಡ ಇಳಿಯಬೇಕು, ಏರಬಾರದು ಅಲ್ವಾ? ಅಲ್ಲದೆ ಅಮೆರಿಕದಲ್ಲಿ 2020ರಿಂದ ಹೊಸ ಆರ್-22 ತಯಾರಿಕೆ, ಆಮದು ಎರಡೂ ಬಂದ್. ಹಳೇ ಸ್ಟಾಕು ಇಲ್ಲವೇ ಶುದ್ಧ ಮಾಡಿ ಮತ್ತೆ ಮಾರುವ ಗ್ಯಾಸೇ ಗತಿ, ಬೆಲೆಯೂ ಜಾಸ್ತಿ. ಸುಮ್ನೆ ಒತ್ತಡ ಅಳೆಯುವ ಗೇಜ್ ಹಾಕಿ ಗ್ಯಾಸಿನ ಸೀಲ್ ಬಿಚ್ಚುವ ಮೊದಲು ನೀರಿನ ಕಡೆ ನೋಡಬೇಕು ಅಂತ ತೀರ್ಮಾನಿಸಿದೆ.

ಹೊರಗೆ ಬೀಳುವ ನೀರಿಗೆ 10 ಲೀಟರ್ ಬಕೆಟ್ ಹಿಡಿದೆ. ತುಂಬಲು ಎರಡು ನಿಮಿಷದ ಹತ್ತಿರ ಬೇಕಾಯಿತು. ಒಂದು ಟನ್ (12,000 ಬಿಟಿಯು) ಎಸಿಗೆ ನಿಮಿಷಕ್ಕೆ ಸುಮಾರು 11 ಲೀಟರ್ ನೀರು ಬೇಕು ಅನ್ನುವುದು ರೂಢಿಯ ಲೆಕ್ಕ. ನಮ್ಮದಕ್ಕೆ 15 ಲೀಟರ್ ಆದರೂ ಬೇಕು, ಬರುತ್ತಿದ್ದುದು ಅದರ ಮೂರನೇ ಒಂದು ಪಾಲು. ಜಾಲರಿ ತೊಳೆದೆ, ಹೆಚ್ಚೇನೂ ಬದಲಾಗಲಿಲ್ಲ. ಆಮೇಲೆ ಪಂಪಿನಿಂದ ಕಾಯಿಲ್‌ಗೆ ಹೋಗುವ ಹೋಸ್ ಬಿಚ್ಚಿ ಅದಕ್ಕೇ ಬಕೆಟ್ ಹಿಡಿದೆ. ಅರ್ಧ ನಿಮಿಷದಲ್ಲಿ ತುಂಬಿತು! ಅಲ್ಲಿಗೆ ತಳದ ತೂತು, ಜಾಲರಿ, ಪಂಪ್ ಎಲ್ಲವೂ ಸರಿ ಇವೆ, ಕಟ್ಟಿಕೊಂಡಿರುವುದು ಕಾಯಿಲ್ಲೇ ಅಂತ ಆಯಿತು. ಕಾಯಿಲ್‌ನ ಬಾಯಿಗೆ ಟಾರ್ಚ್ ಬಿಟ್ಟರೆ ಬೋರ್‌ವೆಲ್ ನೀರು ಕುಡಿದ ಗೀಸರ್ ರಾಡ್ ಹಾಗೆ ಒಳಗೋಡೆ ತುಂಬ ಬಿಳಿ ಪೊರೆ. ಬೆರಳಲ್ಲಿ ಕೆರೆದರೂ ಬರಲಿಲ್ಲ.

ಇದಕ್ಕೆ ಆಸಿಡ್ಡೇ ಮದ್ದು. ಕಾಯಿಲ್ ಕ್ಯೂಪ್ರೋನಿಕಲ್ (ತಾಮ್ರ-ನಿಕಲ್ ಮಿಶ್ರಲೋಹ) ಆದ್ದರಿಂದ ಫಾಸ್ಫಾರಿಕ್ ಆಸಿಡ್ ಇರುವ, ಪೊರೆ ಕರಗಿಸುವ ಡಿಸ್ಕೇಲರ್ ತಂದೆ. ಕಾಯಿಲ್‌ನ ಎರಡೂ ತುದಿಗೆ ಬೇರೆ ಹೋಸ್ ಕಟ್ಟಿ, ಬಕೆಟ್ಟಿನಲ್ಲಿ ಒಂದು ಚಿಕ್ಕ ಸಬ್‌ಮರ್ಸಿಬಲ್ ಪಂಪ್ ಇಟ್ಟು ಉಲ್ಟಾ ದಿಕ್ಕಿನಲ್ಲಿ ಸುತ್ತಿಸಿದೆ. ಕೈಗವಸು, ಕನ್ನಡಕ ಬೇಕೇ ಬೇಕು. ಗಾಳಿಯಾಡಲು ಎಲ್ಲ ಹ್ಯಾಚ್ (ಡೆಕ್ಕಿನ ಮುಚ್ಚಳ) ತೆಗೆದಿಡಬೇಕು. ಶುರುವಾದ ಕೂಡಲೇ ವಾಪಸ್ ಬರುವ ನೀರು ನೊರೆನೊರೆಯಾಯಿತು, ಆಮೇಲೆ ಹಾಲಿನಂತೆ ಬಿಳುಪಾಯಿತು. ಸ್ವಲ್ಪ ಹೊತ್ತಿಗೆ ಬಾರ್ನಕಲ್ ಅನ್ನುವ ಸಮುದ್ರಜೀವಿಯ ಚಿಪ್ಪಿನ ಚೂರುಗಳು ಬಕೆಟ್ಟಿನ ತಳದಲ್ಲಿ ಕೂತವು. ನೊರೆ ಬರುತ್ತಿದೆ ಅಂದರೆ ಆಸಿಡ್ ಇನ್ನೂ ಸುಣ್ಣ ತಿನ್ನುತ್ತಿದೆ ಅಂತ ಅರ್ಥ. ಅದು ಪೂರ್ತಿ ನಿಲ್ಲುವವರೆಗೆ ಬಿಟ್ಟೆ. ಆಮೇಲೆ ಸಿಹಿನೀರು ಹಾಯಿಸಿ, ಉಳಿದ ಆಸಿಡ್ಡಿಗೆ ಅಡುಗೆ ಸೋಡಾ ಬೆರೆಸಿ ದಡಕ್ಕೆ ಒಯ್ದೆ.

ಎಲ್ಲ ಜೋಡಿಸಿ ಮತ್ತೆ ಬಕೆಟ್ ಹಿಡಿದರೆ ಮುಕ್ಕಾಲು ನಿಮಿಷದೊಳಗೆ ತುಂಬಿತು. ಬಹಳ ಖುಷಿಯಾಯಿತು.

ಆದರೆ ಅಲೆ ಜಾಸ್ತಿ ಇದ್ದ ದಿನ ಎಸಿ ಮತ್ತೆ ಟ್ರಿಪ್ ಆಗಿ ನಿಂತಿತು! ಪಂಪ್ ಸದ್ದು ಮಾಡುತ್ತಿತ್ತು, ನೀರು ಬರುತ್ತಿರಲಿಲ್ಲ. ಈ ಪಂಪುಗಳು ಸೆಂಟ್ರಿಫ್ಯೂಗಲ್, ತಾವಾಗಿ ನೀರು ಎಳೆದುಕೊಳ್ಳುವುದಿಲ್ಲ. ನೀರಿನ ಮಟ್ಟಕ್ಕಿಂತ ಕೆಳಗಿರಬೇಕು, ಅಲ್ಲಿಯವರೆಗಿನ ಹೋಸ್ ಒಂದೇ ಸಮನೆ ಏರುತ್ತಾ ಹೋಗಬೇಕು. ನಮ್ಮಲ್ಲಿ ಯಾರೋ ಹೋಸನ್ನು ಒಂದು ಮರದ ತೊಲೆಯ ಮೇಲೆ ಹಾಯಿಸಿ ಮತ್ತೆ ಕೆಳಗಿಳಿಸಿದ್ದರು. ಆ ಗೂನಿನಲ್ಲಿ ಗಾಳಿ ಸಿಕ್ಕಿಕೊಳ್ಳುತ್ತಿತ್ತು. ಹೋಸನ್ನು ತೊಲೆಯ ಪಕ್ಕದಿಂದ ತಂದು ಗೂನು ತೆಗೆದ ಮೇಲೆ ಆ ಕಾಟ ಇಲ್ಲ.

ಈಗ ಎಸಿಯೊಳಗೆ ಹೋಗುವ ಗಾಳಿ 26 ಡಿಗ್ರಿ, ಯೂನಿಟ್ ಬಾಯಲ್ಲಿ ಹೊರಬರುವುದು 16. ಹತ್ತು ಡಿಗ್ರಿ ವ್ಯತ್ಯಾಸ ಅಂದರೆ ಗ್ಯಾಸ್ ಚೆನ್ನಾಗಿಯೇ ಇದೆ. ಆದರೆ ಮುಂದಿನ ಕ್ಯಾಬಿನ್ನಿನಲ್ಲಿ ಗಾಳಿ ಬರುವ ಜಾಲರಿಯ ಹತ್ತಿರ ಅದೇ ಗಾಳಿ 20 ಆಗಿರುತ್ತದೆ. ಬೀರುವಿನ ಹಿಂದೆ ಕೈ ಹಾಕಿದಾಗ ಗಾಳಿ ಒಯ್ಯುವ ಫ್ಲೆಕ್ಸಿಬಲ್ ಡಕ್ಟಿನ ಹೊದಿಕೆ ಪುಡಿಪುಡಿಯಾಗಿ ಕೈಗೆ ಬಂತು. ಗಾಳಿಯ ತಂಪಿನಲ್ಲಿ ಒಂದಷ್ಟು ಅಲ್ಲೇ ಸೋರಿಹೋಗುತ್ತಿದೆ. ಹೊಸ ಡಕ್ಟಿಗೆ ಆರ್ಡರ್ ಕೊಟ್ಟಿದ್ದೇನೆ. ಅದು ಬಂದಾಗ ಬೀರುವಿನ ಹಲಗೆ ಬಿಚ್ಚಬೇಕು. ಕಂಪ್ರೆಸರ್ ಶುರುವಾಗುವಾಗ ದೀಪಗಳು ಮಂಕಾಗುತ್ತವೆ. ಹಲಗೆ ಬಿಚ್ಚಿದ ದಿನವೇ ಅದನ್ನು ಶುರು ಮಾಡಲು ನೆರವಾಗುವ ಕೆಪಾಸಿಟರ್ ಕೂಡ ಅಳೆದು ನೋಡುತ್ತೇನೆ.