ಹೆಸರು ಇಲ್ಲಿಯದು, ವಯಸ್ಸು ದೂರದ್ದು

ಅಡಿಲೇಡಿನಿಂದ ಉತ್ತರಕ್ಕೆ ಅರ್ಧ ದಿನ ಕಾರು ಓಡಿಸಿದರೆ ಫ್ಲಿಂಡರ್ಸ್ ಬೆಟ್ಟಸಾಲು ಸಿಗುತ್ತದೆ. ನಾವು ಅಲ್ಲಿಗೆ ಹೋದದ್ದು ಕಲ್ಲಿನಲ್ಲಿರುವ ಒಂದು ಗೆರೆ ನೋಡಲು.

ಬ್ರಾಚಿನಾ ಕಮರಿಯ ಮಣ್ಣುರಸ್ತೆ ಸುಮಾರು 20 ಕಿ.ಮೀ. ಪೂರ್ವದ ತುದಿಯಿಂದ ಹೊರಟರೆ ಹಳೆಯ ಪದರಗಳು ಮೊದಲು, ಹೊಸವು ಆಮೇಲೆ. ದಾರಿಬದಿಯ ಫಲಕಗಳನ್ನು ಓದುತ್ತ ಹೋದೆವು: ಟ್ರೆಜೋನಾ, ಎಲಟಿನಾ, ನಕಲೀನಾ, ಬ್ರಾಚಿನಾ. ಕಲ್ಲಿನ ಪದರಗಳಿಗಿಟ್ಟ ಇವೆಲ್ಲವೂ ಈ ಸೀಮೆಯ ಜಾಗಗಳ ಹೆಸರೇ. ಭೂವಿಜ್ಞಾನ ಓದಿದ ಗೆಳತಿ ಜೊತೆಗಿದ್ದಳು. “ಫಾರ್ಮೇಷನ್‌ಗೆ, ಅಂದ್ರೆ ಇಂಥ ಒಂದೊಂದು ಪದರಗುಂಪಿಗೆ, ಹೆಸರಿಡುವಾಗ ವಯಸ್ಸು ಯಾರೂ ಕೇಳಲ್ಲ ಕಣೇ. ಮೇಲಿನ, ಕೆಳಗಿನ ಕಲ್ಲಿಗಿಂತ ಬೇರೆ ಅಂತ ಗುರುತು ಸಿಗಬೇಕು, ನಕ್ಷೆಯಲ್ಲಿ ಗೆರೆ ಎಳೆಯೋಕೆ ಬರಬೇಕು, ಇದೇ ಅದರ ಮಾದರಿ ಜಾಗ ಅಂತ ಒಂದು ಕಡೆ ತೋರಿಸಬೇಕು” ಎಂದಳು.

ಎನೊರಾಮಾ ಹಳ್ಳ ಒಣಗಿತ್ತು. ಕಾರು ನಿಲ್ಲಿಸಿ ದಂಡೆಯ ಬಂಡೆಯ ಹತ್ತಿರ ಹೋದೆವು. ಕೆಳಗಡೆ ಎಲಟಿನಾ: ಕೆಂಗಂದು ಹೂಳಿನಲ್ಲಿ ಅಲ್ಲೊಂದು ಇಲ್ಲೊಂದು ಸಿಕ್ಕಿಕೊಂಡ ಕಲ್ಲುಗಳು, ಹಿಮಯುಗ ತಂದು ಹಾಕಿದ್ದು. ಅದರ ಮೇಲೆ ಒಮ್ಮೆಲೇ ನಕಲೀನಾ: ಕೆನೆಬಣ್ಣದ ಡಾಲಮೈಟ್ ಎಂಬ ಸುಣ್ಣಕಲ್ಲಿನಂಥ ಕಲ್ಲು, ತೆಳು ತೆಳು ಪದರ, ಹಿಮ ಕರಗಿ ಸಮುದ್ರ ಏರಿದಾಗ ಕೂತದ್ದು. ಎರಡೂ ಕೂಡುವಲ್ಲಿ ಅಂಗೈಯಗಲದ ಕಂಚಿನ ಬಿಲ್ಲೆ. ಭೂಮಿಯ ಚರಿತ್ರೆಯಲ್ಲಿ ಎಡಿಯಾಕರನ್ ಅವಧಿ ಶುರುವಾಗುವುದು ಇಲ್ಲಿಂದ ಎಂದು 2004ರಲ್ಲಿ ನಿಗದಿಯಾದ ಜಾಗವಿದು. ಆ ಹೆಸರು ಬಂದದ್ದು ಇಲ್ಲಿಂದ ವಾಯವ್ಯಕ್ಕಿರುವ ಎಡಿಯಾಕರಾ ಗುಡ್ಡಗಳಿಂದ. 1946ರಲ್ಲಿ ಭೂವಿಜ್ಞಾನಿ ರೆಜ್ ಸ್ಪ್ರಿಗ್ ಅಲ್ಲಿ ಮೆತ್ತನೆ ಮೈಯ ಜೀವಿಗಳ ಅಚ್ಚುಗಳನ್ನು ಕಂಡಿದ್ದ.

ಗೆರೆಯ ಮೇಲೆ ಬೆರಳಿಟ್ಟೆ. ಕೆಳಗೆ ತರಿತರಿ, ಮೇಲೆ ನುಣುಪು. ಬೆರಳಿನಗಲದಲ್ಲಿ ಲೋಕವೇ ಬದಲಾದದ್ದು ಕೈಗೆ ತಿಳಿಯುತ್ತದೆ. ಎಷ್ಟು ಹೊತ್ತಾದರೂ ಕೈ ತೆಗೆಯಲು ಮನಸ್ಸಾಗಲಿಲ್ಲ.

“ಇದರ ವಯಸ್ಸು 63.5 ಕೋಟಿ ವರ್ಷ ಅಂತ ಈ ಕಲ್ಲೇ ಹೇಳಿತಾ?” ಎಂದು ಕೇಳಿದೆ.

ಇಲ್ಲವಂತೆ. ಇಲ್ಲಿರುವ ಮರಳಿನ ಕಣಗಳು ಯಾವುದೋ ಹಳೆಯ ಬೆಟ್ಟ ಸವೆದು ಬಂದವು. ಅವುಗಳ ವಯಸ್ಸು ಅಳೆದರೆ ಆ ಬೆಟ್ಟದ ವಯಸ್ಸು ಸಿಗುತ್ತದೆ. ಪದರ ಅದಕ್ಕಿಂತ ಈಚಿನದು ಎಂದಷ್ಟೇ ಹೇಳಬಹುದು. ಪದರದ್ದೇ ವಯಸ್ಸು ಬೇಕೆಂದರೆ ಅದರ ನಡುವೆ ಜ್ವಾಲಾಮುಖಿಯ ಬೂದಿ ಬಿದ್ದಿರಬೇಕು. ಬೂದಿಯಲ್ಲಿ ಜಿರ್ಕಾನ್ ಹರಳುಗಳಿರುತ್ತವೆ. ಹರಳುಗಟ್ಟುವಾಗ ಜಿರ್ಕಾನ್ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಬಹುಮಟ್ಟಿಗೆ ಹೊರಗಿಡುತ್ತದೆ. ಹಾಗಾಗಿ ಈಗ ಒಳಗೆ ಸಿಗುವ ಸೀಸ ಯುರೇನಿಯಂ ವಿಕಿರಣ ಸೂಸುತ್ತ ಕ್ಷಯಿಸಿ ಆದದ್ದು. ಯುರೇನಿಯಂ-238 ಅರ್ಧಕ್ಕಿಳಿಯಲು ಸುಮಾರು 447 ಕೋಟಿ ವರ್ಷ ಬೇಕು. ಎರಡನ್ನೂ ಅಳೆದು ಲೆಕ್ಕ ಹಾಕುತ್ತಾರೆ.

ಈ ಗೆರೆಯ ಬಳಿ ಅಂಥ ಬೂದಿ ಇಲ್ಲ. ಆದರೆ ಹಿಮಯುಗದ ಹೂಳಿನ ಮೇಲೆ ಹೀಗೆಯೇ ಡಾಲಮೈಟ್ ಕೂತಿರುವ ಜೋಡಿ ಬೇರೆ ಖಂಡಗಳಲ್ಲೂ ಇದೆ; ಎಲ್ಲವೂ ಒಂದೇ ಹಿಮಯುಗ ಮುಗಿದಾಗ ಕೂತದ್ದೆಂದು ಎಣಿಕೆ. ನಮೀಬಿಯಾದಲ್ಲಿ ಹಿಮಯುಗದ ಪದರದೊಳಗೇ ಬೂದಿ ಸಿಕ್ಕಿತು; ದಕ್ಷಿಣ ಚೀನಾದಲ್ಲಿ ಡಾಲಮೈಟಿನೊಳಗೆ. ಎರಡೂ ಕೊಟ್ಟದ್ದು ಸುಮಾರು 63.5 ಕೋಟಿ ವರ್ಷ. ಚೀನಾದ ಅಳತೆ ಪ್ರಕಟವಾದದ್ದು 2005ರಲ್ಲಿ, ಇಲ್ಲಿ ಹೆಸರು ನಿಂತ ಮರುವರ್ಷ. ಮೂರು ಖಂಡಗಳ ಕಲ್ಲು ಒಂದಕ್ಕೊಂದು ಸಾಕ್ಷಿ ಹೇಳುವುದು ನನಗೆ ಬಿಲ್ಲೆಗಿಂತ ದೊಡ್ಡ ಸಂಗತಿ ಅನ್ನಿಸಿತು.

ಹೊರಡುವ ಮೊದಲು ಡೈರಿಯಲ್ಲಿ “ಎನೊರಾಮಾ ಹಳ್ಳ, 63.5 ಕೋಟಿ ವರ್ಷ” ಎಂದು ಬರೆದುಕೊಂಡೆ. ಗೆಳತಿ ಇಣುಕಿ ನೋಡಿ, “ಎಲ್ಲಿ ಅಳೆದದ್ದು ಅಂತಲೂ ಬರಿ” ಎಂದಳು. ಪಕ್ಕದಲ್ಲಿ ನಮೀಬಿಯಾ, ಚೀನಾ ಎಂದು ಸೇರಿಸಿದೆ.