ಹಳೇ ಲೈಬ್ರರಿ

ಇವತ್ತು ಬೆಳಿಗ್ಗೆ ಸರ್ವರ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ (ನೆಟ್‌ನಲ್ಲಿ ಹೋಗುವ ಡೇಟಾವನ್ನು ಗುಟ್ಟಾಗಿಡುವ ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಂಗಳು ಬಳಸುವ ಸಿದ್ಧ ಕೋಡ್) ಅಪ್‌ಡೇಟ್ ಮಾಡಿದೆ. ಎರಡು ನಿಮಿಷದ ಕೆಲಸ. ಆಮೇಲೆ ಸುಮ್ನೆ ಒಮ್ಮೆ ನೋಡೋಣ ಅಂತ ಯಾವ ಪ್ರೋಗ್ರಾಂ ಯಾವ ಫೈಲ್ ತೆರೆದಿಟ್ಟಿದೆ ಅಂತ ತೋರಿಸುವ ಎಲ್‌ಎಸ್‌ಒಎಫ್ (lsof) ಕಮಾಂಡ್ ಕೊಟ್ಟೆ.

ವೆಬ್ ಸರ್ವರ್ ಇನ್ನೂ ಹಳೇ ಲೈಬ್ರರಿಯನ್ನೇ ಹಿಡಿದುಕೊಂಡು ಕೂತಿತ್ತು! ಡಿಸ್ಕ್‌ನಲ್ಲಿ ಆ ಫೈಲೇ ಇಲ್ಲ. ಪಕ್ಕದಲ್ಲಿ ‘ಡಿಲೀಟೆಡ್’ ಅಂತ ಬೇರೆ ತೋರಿಸುತ್ತಿದೆ. ಆದರೂ ಮೆಮೊರಿಯಲ್ಲಿ ಅದೇ ಓಡುತ್ತಿದೆ. ರೀಸ್ಟಾರ್ಟ್ ಮಾಡಿದ ಮೇಲೆಯೇ ಹೊಸದು ಬಂದದ್ದು.

ಅಂದರೆ ಅಪ್‌ಡೇಟ್ ಮುಚ್ಚಬೇಕಿದ್ದ ಭದ್ರತೆಯ ತೂತು ಅಷ್ಟು ಹೊತ್ತು ಮುಚ್ಚಿರಲೇ ಇಲ್ಲ.

ಈ ಅಪ್‌ಡೇಟ್‌ನ ಬದಲಾವಣೆಗಳ ಪಟ್ಟಿ ಓದಿದೆ. ಮೆಮೊರಿ ಸೋರಿಕೆ ಸರಿಪಡಿಸಿದೆ, ಕ್ರ್ಯಾಶ್ ಸರಿಪಡಿಸಿದೆ. ಒಂದೊಂದಕ್ಕೂ ಒಂದೇ ಸಾಲು. ಓದುವವರು ಕಡಿಮೆ, ಅಲ್ವಾ? ನನಗೆ ಮಾತ್ರ ಈ ಸಾಲುಗಳ ಮೇಲೆ ತುಂಬಾ ಗೌರವ.

2014ರಲ್ಲಿ ಇದೇ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಸಿಕ್ಕ ಹಾರ್ಟ್‌ಬ್ಲೀಡ್ ಎಂಬ ದೋಷ ನೆನಪಿದೆಯಲ್ಲ? ಬಂದ ಡೇಟಾ ಹೇಳಿದಷ್ಟು ಉದ್ದ ನಿಜಕ್ಕೂ ಇದೆಯಾ ಅಂತ ನೋಡುವ ಒಂದು ಚೆಕ್ ಇರಲಿಲ್ಲ, ಅಷ್ಟೇ. ಅದರಿಂದ ಒಂದೊಂದು ಸಲಕ್ಕೆ 64 ಕೆಬಿವರೆಗೆ ಸರ್ವರ್‌ನ ಮೆಮೊರಿ ಹೊರಗೆ ಹೋಗಬಹುದಿತ್ತು. ಪಾಸ್‌ವರ್ಡ್, ಪ್ರೈವೇಟ್ ಕೀ (ಸರ್ವರ್‌ನ ಗುಟ್ಟಿನ ಕೀಲಿ) ಕೂಡ. 2012ರಿಂದ ಎರಡು ವರ್ಷ ಆ ತಪ್ಪು ಕೋಡ್‌ನಲ್ಲೇ ಇತ್ತು.

ನೀವೂ ಅಪ್‌ಡೇಟ್ ಹಾಕಿದ್ದರೆ ಒಮ್ಮೆ ನೋಡಿ, ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಯಾವ ಫೈಲ್ ಹಿಡಿದಿದೆ ಅಂತ. ನಾನು ಉಳಿದ ಮೂರು ಸರ್ವರ್ ನೋಡಲು ಹೊರಟೆ.