ಸಂಬಳಕ್ಕೊಂದು ತಾರೀಕು

ಈ ವಾರ ಬೆಂಗಳೂರಿನಲ್ಲಿ, ಪೌರಕಾರ್ಮಿಕರು ಸೇರಿ ಹಾಜರಿ ಹಾಕುವ ಒಂದು ಮಸ್ಟರಿಂಗ್ ಜಾಗದಲ್ಲಿ ಕಿವಿಗೆ ಬಿದ್ದ ಮಾತು. ಕಸ ಒಯ್ಯುವ ಆಟೊ ಟಿಪ್ಪರಿನ ಹೆಲ್ಪರ್ ಹುಡುಗ ಪೊರಕೆ ಹಿಡಿದಿದ್ದಾಕೆಯನ್ನು ಕೇಳಿದ: "ಅಕ್ಕಾ, ನಿಮಗೆ ಸಂಬಳ ಯಾವಾಗ ಆಗುತ್ತೆ?"

"ನಮಗೀಗ ತಾರೀಕು ಅಂತ ಒಂದಿದೆಯಪ್ಪಾ."

ಮೇಸ್ತ್ರಿ ನಕ್ಕ. ನಗುವಂಥದ್ದೇನೂ ಇರಲಿಲ್ಲ.

ಇಬ್ಬರೂ ಎತ್ತುವುದು ಒಂದೇ ಬೀದಿಯ ಕಸ. ಆದರೆ 2025ರ ಮೇ 1ರಂದು ಕಾಯಂ ಆದೇಶ ಸಿಕ್ಕ 12,692 ಪೌರಕಾರ್ಮಿಕರಲ್ಲಿ ಆಕೆ ಒಬ್ಬಳು. ಹುಡುಗ ಇನ್ನೂ ಗುತ್ತಿಗೆಯವನು.

ಗುಡಿಸುವ ಗುತ್ತಿಗೆಯಲ್ಲಿ ಗುತ್ತಿಗೆದಾರ ಪಾಲಿಕೆಗೆ ಮಾರುತ್ತಿದ್ದದ್ದಾದರೂ ಏನು? ಪೊರಕೆ, ತಳ್ಳುಗಾಡಿ ಬಿಟ್ಟರೆ ಬಂಡವಾಳವೇ ಇಲ್ಲ. ಮಾರುತ್ತಿದ್ದದ್ದು ಹಾಜರಿ. ಬೀದಿಯಲ್ಲಿ ಇಪ್ಪತ್ತೆರಡು ಜನರಿದ್ದರೂ ಪುಸ್ತಕದಲ್ಲಿ ಮೂವತ್ತು ಹೆಸರಿದ್ದರೆ ಬಿಲ್ಲು ಮೂವತ್ತಕ್ಕೇ. ಪಾಲಿಕೆ ಬಿಲ್ಲು ತಡ ಮಾಡಿದರೆ ಕೂಲಿಯೂ ತಡ. ಶೇ 12ರ ಪಿಎಫ್ ಮಾತ್ರ ತಪ್ಪದೆ ಕಡಿತ. ಕಟ್ಟಿದ್ದಕ್ಕೆ ಸಾಕ್ಷಿಯೆಂದು ಚಲನ್ ಲಗತ್ತಿಸುತ್ತಾರೆ, ಅದರಲ್ಲಿರುವುದು ಒಟ್ಟು ಮೊತ್ತ ಅಷ್ಟೇ. ಯಾರ ಖಾತೆಗೆ ಎಷ್ಟು ಎಂದು ತೋರಿಸುವ ಹೆಸರುವಾರು ಪಟ್ಟಿ (ಇಸಿಆರ್) ಕೇಳದಿದ್ದರೆ ಒಂದೇ ಚಲನ್ ಎರಡು ವಾರ್ಡಿನ ಬಿಲ್ಲಿಗೆ ಅಂಟಿಕೊಂಡರೂ ಗೊತ್ತಾಗದು. ಇಷ್ಟನ್ನೆಲ್ಲ ಕಾಯಲು ಪಾಲಿಕೆ ತನ್ನದೇ ಸಿಬ್ಬಂದಿ ಇಡಬೇಕು. ಅದೇ ಸಿಬ್ಬಂದಿ ನೇರವಾಗಿ ಹಾಜರಿ ಹಾಕಿದರೆ ಮಧ್ಯದವನ ಕಮಿಷನ್ ಯಾಕೆ?

ಬಯೊಮೆಟ್ರಿಕ್ ಹಾಜರಿ, ಪಾಲಿಕೆಯಿಂದಲೇ ಕಾರ್ಮಿಕರ ಖಾತೆಗೆ ನೇರ ಪಾವತಿ ಬಂದದ್ದು ಈ ಲೆಕ್ಕಕ್ಕೆ. ಕಾಯಮಾತಿಗೆ ಮಾತ್ರ 2022ರ ಜುಲೈನಲ್ಲಿ ಮುಷ್ಕರವೇ ಆಗಬೇಕಾಯಿತು. ತಾನಾಗಿ ಕೊಡುವ ಸರ್ಕಾರ ಯಾವುದಿದೆ?

ನೇರ ಪಾವತಿಯಲ್ಲೂ ಕಿರಿಕಿರಿ ಇದೆ. ಪೊರಕೆ ಹಿಡಿದು ಸವೆದ ಬೆರಳನ್ನು ಯಂತ್ರ ಗುರುತಿಸದಿದ್ದರೆ ಆ ದಿನ ಗೈರುಹಾಜರಿ. ಆಧಾರ್, ಬ್ಯಾಂಕ್ ಹೆಸರುಗಳಲ್ಲಿ ಇನಿಷಿಯಲ್ ವ್ಯತ್ಯಾಸವಾದರೆ ಹಣ ಅಲ್ಲೇ ನಿಲ್ಲುತ್ತದೆ. ಆದರೆ ಈಗ ಬೈಯಬೇಕಾದವರು ಯಾರೆಂದು ಗೊತ್ತಿದೆ. "ಬಿಲ್ಲಾಗಿಲ್ಲಮ್ಮ" ಎಂದು ಕೈ ತಿರುಗಿಸಲು ಯಾರೂ ಇಲ್ಲ.

ಹುಡುಗನ ಪ್ರಶ್ನೆ ಮತ್ತೆ ಮತ್ತೆ ಕಿವಿಯಲ್ಲಿ. ಅವನ ಕೆಲಸವೂ ಗುತ್ತಿಗೆ ಬಿಟ್ಟು ಪಾಲಿಕೆಯ ಒಳಕ್ಕೆ ಬರಲು ಅಡ್ಡಿ ಅವನು ಹತ್ತುವ ಗಾಡಿ. ಟಿಪ್ಪರ್ ಗುತ್ತಿಗೆದಾರನದಾದರೆ ಜನರನ್ನಷ್ಟೇ ಕರೆದುಕೊಂಡು ಪ್ರಯೋಜನವಿಲ್ಲ. ಗಾಡಿ ಖರೀದಿ, ವಿಮೆ, ಗಾಡಿ ಓಡಲು ಯೋಗ್ಯವೆಂಬ ಪ್ರಮಾಣಪತ್ರ (ಎಫ್‌ಸಿ), ಡೀಸೆಲ್ ಲೆಕ್ಕ, ಕೆಟ್ಟಾಗ ಬದಲಿ ಗಾಡಿ, ಬಿಡಿಭಾಗಕ್ಕೆ ಅಂದೇ ಸಹಿ ಹಾಕುವ ಅಧಿಕಾರಿ, ಇವಿಷ್ಟೂ ಬೇಕು. ಕ್ಲಚ್ ಪ್ಲೇಟಿನ ಬೇಡಿಕೆ ಚೀಟಿ ಹದಿನೈದು ದಿನ ಮೇಜು ಸುತ್ತಿದರೆ ಮೂರನೇ ದಿನಕ್ಕೇ ಬೀದಿ ನಾರುತ್ತದೆ, ಜನ ಗುತ್ತಿಗೆಯೇ ವಾಸಿ ಅನ್ನುತ್ತಾರೆ.